ಸಲಗನ ಕೊರಳಿಗೆ ಬೆಲ್ಟ್

ಬೆಲ್ಟ್ ಬಿಗಿಯಾಯಿತೋ ಸಡಿಲವಾಯಿತೋ ಎಂದು ಹೇಳುವ ಯಂತ್ರ ಯಾವುದೂ ಇಲ್ಲ. ಕೊನೆಯ ಬೋಲ್ಟು ಕೂರುವ ಮೊದಲು ಪಟ್ಟಿಗೂ ಚರ್ಮಕ್ಕೂ ನಡುವೆ ಅಂಗೈ ತೂರಿಸಿ ನೋಡಬೇಕು, ಅಷ್ಟೆ. ಕೈ ಆಡಬೇಕು, ಆದರೆ ಬೆಲ್ಟ್ ಕಿವಿ ದಾಟಿ ತಲೆಯತ್ತ ಜಾರಬಾರದು. ಬಿಗಿಯಾದರೆ ಕೊರಳು ಉಜ್ಜಿ ಹುಣ್ಣಾಗುತ್ತದೆ. ಸಡಿಲವಾದರೆ ಆನೆ ಸೊಂಡಿಲು ಹಾಕಿ ಎಳೆಯುತ್ತದೆ, ಇಲ್ಲವೇ ಮರಕ್ಕೆ ತಿಕ್ಕಿ ಕಿತ್ತುಕೊಳ್ಳುತ್ತದೆ. ಈ ಅಳತೆ ನೋಡುವ ಹೊತ್ತಿನಲ್ಲಿ ಬೆಲ್ಟಿನ ಒಡೆಯ ನಿಂತಲ್ಲೇ ತೂಕಡಿಸುತ್ತಿರುವ ನಾಲ್ಕು ಟನ್ನಿನ ಕಾಡಾನೆ ಎಂಬುದನ್ನು ಮರೆಯುವಂತಿಲ್ಲ.

ಕೊಡಗಿನಲ್ಲಿ ರೇಡಿಯೋ ಕಾಲರ್ ಎಂದರೆ ಜನರ ಬಾಯಲ್ಲಿ ‘ಬೆಲ್ಟ್’. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಲ್ಲಿ ಆನೆ ಬರಿಯ ದಾರಿಹೋಕನಲ್ಲ. ಹಲಸು, ಬಾಳೆ, ಕೆರೆಯ ನೀರು, ಹಗಲಿಗೆ ಮರಗಳ ನೆರಳು ಎಲ್ಲ ಒಂದೇ ಕಡೆ ಸಿಗುವಾಗ ಅದು ಕಾಡಿಗೆ ಮರಳುವುದೇಕೆ? ಆಳೆತ್ತರದ ರೊಬಸ್ಟಾ ಕಾಫಿ ಗಿಡಗಳ ನಡುವೆ ಹತ್ತು ಹೆಜ್ಜೆ ದೂರದಲ್ಲಿ ಸಲಗ ನಿಂತರೂ ಕಾಣದು. ಬೆಳಿಗ್ಗೆ ಲೈನ್‌ಮನೆಯಿಂದ ಕೆಲಸಕ್ಕೆ ಹೊರಟವರಿಗೆ ಬೇಕಿರುವುದು ಒಂದೇ ಸುದ್ದಿ: ಈಗ ಆನೆ ಎಲ್ಲಿದೆ? ಅದನ್ನು ಹೇಳಲೆಂದೇ ಈ ಬೆಲ್ಟ್.

ಕಣ್ಣಿಗೆ ಕಾಣದ ಪ್ರಾಣಿಗೆ ಕೊರಳಪಟ್ಟಿ ಕಟ್ಟಿ ಹುಡುಕುವ ಉಪಾಯ ಕೊಡಗಿನದಷ್ಟೇ ಅಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೊಲದ ಬಿಲಕ್ಕೆ ನುಗ್ಗಿಸುವ, ಮುಂಗುಸಿಯಂತೆ ಉದ್ದ ಮೈಯ ಫೆರೆಟ್‌ಗೂ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟುತ್ತಾರೆ. ನೆಲದಡಿ ಸಿಕ್ಕಿಕೊಂಡರೆ ಮೇಲಿನಿಂದ ಸಂಕೇತ ಹಿಡಿದು ಅಗೆದು ತೆಗೆಯಲು. ಅಲ್ಲಿಯೂ ತಲೆನೋವು ಇದೇ: ಪಟ್ಟಿ ಕುತ್ತಿಗೆ ಹಿಸುಕಬಾರದು, ಬೇರಿಗೆ ಸಿಕ್ಕಿಕೊಳ್ಳಲೂಬಾರದು. ಆದರೆ ಫೆರೆಟ್ ಅನ್ನು ಮಡಿಲಲ್ಲಿ ಹಿಡಿದು ಪಟ್ಟಿ ಕಟ್ಟಬಹುದು.

ಸಲಗನನ್ನು ಹಿಡಿಯಲು ಇನ್ನೊಂದು ಆನೆಯೇ ಬೇಕು. ಇಲ್ಲಿಂದ ಮುಂದೆ ಕಥೆ ದುಬಾರೆ, ಮತ್ತಿಗೋಡು ಶಿಬಿರಗಳ ಸಾಕಾನೆಗಳದು. ಅವುಗಳಲ್ಲಿ ಮೊದಲ ಮಾತು ಅಭಿಮನ್ಯುವಿಗೆ ಸಲ್ಲಬೇಕು. 2020ರಿಂದ ಮೈಸೂರು ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತವನೆಂದೇ ನಾಡಿಗೆಲ್ಲ ಪರಿಚಯ. ಆದರೆ ಮತ್ತಿಗೋಡು ಶಿಬಿರದ ಈ ಆನೆಯ ನಿಜವಾದ ಕಸುಬು ಬೇರೆ. 1970ರಲ್ಲಿ ಕೊಡಗಿನ ಹೆಬ್ಬಳ್ಳದ ಕಾಡಿನಲ್ಲಿ ಸೆರೆಸಿಕ್ಕ ಅಭಿಮನ್ಯು ಮುಂದೆ ನೂರಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿಯುವ ಕಾರ್ಯಾಚರಣೆಗಳಲ್ಲಿ ಮುಂಚೂಣಿಯಲ್ಲಿ ನಿಂತ. ಕಾಡಾನೆ ಎದುರಾದಾಗ ಬೆನ್ನು ತೋರಿಸದ ಗುಣ ಕಲಿಸಿ ಬರುವುದಲ್ಲ ಎನ್ನುತ್ತಾರೆ ಬಲ್ಲವರು. ಕಲಿಸಲು ಸಾಧ್ಯವಿರುವುದು ಉಳಿದದ್ದು: ಮಾವುತನ ಕಾಲ್ಬೆರಳು ಕಿವಿಯ ಹಿಂದೆ ಒತ್ತಿದ ಕೂಡಲೇ ಸರಿಯುವುದು, ಪಕ್ಕದ ಆನೆಗೆ ಭುಜ ಕೊಟ್ಟು ಒರಗಿ ನಿಲ್ಲುವುದು, ಬೇಡವೆಂದಾಗ ದಂತ ಎತ್ತದಿರುವುದು.

ವೈದ್ಯರು ಗಾಳಿಯ ಒತ್ತಡದ ಬಂದೂಕಿನಿಂದ ಅರಿವಳಿಕೆಯ ಡಾರ್ಟ್ ಹೊಡೆದ ಮೇಲೆ ಕೆಲವು ನಿಮಿಷ ಎಲ್ಲರೂ ಕಾಯಬೇಕು. ಸಾಮಾನ್ಯವಾಗಿ ಬಳಸುವ ಮದ್ದು ಕ್ಸೈಲಜಿನ್ ಮತ್ತು ಕೆಟಮಿನ್ ಮಿಶ್ರಣ. ಆನೆ ಮಂಪರಿನಲ್ಲಿ ನಿಂತೇ ಇರಬೇಕೆಂಬುದು ಇದರ ಉದ್ದೇಶ. ಆನೆಯ ಶ್ವಾಸಕೋಶ ಎದೆಗೂಡಿನ ಗೋಡೆಗೇ ಅಂಟಿಕೊಂಡಿರುವುದರಿಂದ ಉಸಿರಾಟಕ್ಕೆ ಎದೆಯ ಸ್ನಾಯುಗಳೇ ಗತಿ. ಎದೆ ಕೆಳಗಾಗಿ ಕುಸಿದು ಬಿದ್ದರೆ ತನ್ನದೇ ಭಾರಕ್ಕೆ ಉಸಿರುಗಟ್ಟುವ ಭಯವಿದೆ. ಹಾಗಾಗಿ ಎರಡು ಬದಿಯಿಂದ ಸಾಕಾನೆಗಳು ಒತ್ತಿ ನಿಂತು ಆಸರೆ ಕೊಡುತ್ತವೆ. ಕಣ್ಣಿಗೆ ಬಟ್ಟೆ, ಮೈಮೇಲೆ ಕೊಡಗಟ್ಟಲೆ ನೀರು.

ಬೆಲ್ಟ್ ಕಟ್ಟುವ ಕೈಗಳು ಹೆಚ್ಚಾಗಿ ಜೇನುಕುರುಬ ಮಾವುತರು ಮತ್ತು ಕಾವಾಡಿಗಳವು. ಒಬ್ಬ ಸಾಕಾನೆಯ ಮೇಲಿನಿಂದಲೇ ಬಗ್ಗಿ ಪಟ್ಟಿಯ ಒಂದು ತುದಿಯನ್ನು ಕಾಡಾನೆಯ ಕುತ್ತಿಗೆಯ ಆಚೆಗೆ ದಾಟಿಸುತ್ತಾನೆ, ಇನ್ನೊಬ್ಬ ಗಂಟಲ ಕೆಳಗಿನಿಂದ ಅದನ್ನು ಎಳೆದುಕೊಳ್ಳುತ್ತಾನೆ. ಕಾರ್ಖಾನೆಯ ಕನ್ವೇಯರ್ ಬೆಲ್ಟಿನಂಥ ದಪ್ಪ ಪಟ್ಟಿ ಅದು. ಜಿಪಿಎಸ್ ಪೆಟ್ಟಿಗೆ ಹೆಗಲ ಮುಂದೆ, ಆಕಾಶದ ಕಡೆ ಮುಖ ಮಾಡಿರಬೇಕು. ಅದು ಕೆಳಗೆ ತಿರುಗದಂತೆ ಗಂಟಲ ಅಡಿಯಲ್ಲಿ ತೂಕದ ಗುಂಡು. ಸ್ಪ್ಯಾನರ್ ಆಡುತ್ತದೆ, ಹೆಚ್ಚಾದ ತುದಿಯನ್ನು ಕೊಯ್ಯುತ್ತಾರೆ, ಅಂಗೈ ತೂರಿಸುತ್ತಾರೆ. ಬಳಿಕ ಕಿವಿಯ ರಕ್ತನಾಳಕ್ಕೆ ಎಚ್ಚರದ ಮದ್ದು. ಅದು ಏರುವಷ್ಟರಲ್ಲಿ ನೆಲದ ಮೇಲಿದ್ದವರು ದೂರ ಸರಿದಿರಬೇಕು, ಸಾಕಾನೆಗಳು ಕೊನೆಗೆ.

ಹಿಂದಿನ ಕಾಲದಲ್ಲಿ ಹೀಗೆ ಬೆಲ್ಟ್ ಕಟ್ಟಿ ಬಿಡುವ ಕಲ್ಪನೆಯೂ ಇರಲಿಲ್ಲ. 1873–74ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ಆರಂಭಿಸಿದ ಖೆಡ್ಡಾ 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯಾಯಿತು. ಆಗ ಹಿಂಡನ್ನೇ ದೊಡ್ಡಿಗೆ ಅಟ್ಟುತ್ತಿದ್ದರು. ಹಿಡಿಯದೆ ಹಿಂಬಾಲಿಸುವ ಕೆಲಸಕ್ಕೆ ಭಾರತದಲ್ಲಿ ಕಾಲರ್ ಬಳಸಿದ ಮೊದಲಿಗರಲ್ಲಿ ಬೆಳಗಾವಿಯ ಆನೆ ತಜ್ಞ ಅಜಯ್ ದೇಸಾಯಿ ಒಬ್ಬರು. ಮುದುಮಲೆಯಲ್ಲಿ ಅವರು ಮಾಡಿದ ಅಧ್ಯಯನ ಇಂದಿಗೂ ಉಲ್ಲೇಖಕ್ಕೆ ಬರುತ್ತದೆ. 2020ರಲ್ಲಿ ಅವರು ತೀರಿಕೊಂಡರು.

ಮೊದಲೆಲ್ಲ ಬೆಲ್ಟ್ ವಿದೇಶದಿಂದಲೇ ಬರಬೇಕಿತ್ತು. 2024ರ ಕೊನೆಗೆ ರಾಜ್ಯ ಅರಣ್ಯ ಇಲಾಖೆ ಮೈಸೂರಿನ ಇನ್ಫಿಕ್ಷನ್ ಲ್ಯಾಬ್ಸ್ ಜತೆ ಸೇರಿ ರೂಪಿಸಿದ ‘ಕೆ.ಪಿ. ಟ್ರ್ಯಾಕರ್’ ಹೊರಬಂತು. ಆಮದು ಕಾಲರ್ 16–17 ಕಿಲೋ ತೂಗಿದರೆ ಇದು 7 ಕಿಲೋ. ಹೊರಬಂದಾಗ ಇದರ ಬೆಲೆ ಆರೂವರೆ ಲಕ್ಷದ ಬದಲು 1.80 ಲಕ್ಷ ರೂಪಾಯಿ ಇತ್ತು. ಬೆಲೆ ಇಳಿದದ್ದು ಇಲಾಖೆಗೆ ಲಾಭ, ತೂಕ ಇಳಿದದ್ದು ಆನೆಗೆ.

ಹೆಣ್ಣಾನೆಗೆ ಕಟ್ಟಿದರೆ ಇಡೀ ಗುಂಪಿನ ಸುಳಿವು ಸಿಗುತ್ತದೆ. ಸಲಗ ಒಂಟಿ, ಮೇಲಾಗಿ ಪುಂಡ. ಬೆಲ್ಟ್ ಕಳಚುವುದರಲ್ಲಿ ಅವನೇ ಮುಂದು. ಬೆಲ್ಟ್ ಉಳಿದು ಸಂಕೇತ ಸಿಕ್ಕಿದರಷ್ಟೇ ಸಾಲದು, ಆ ಸುದ್ದಿ ತೋಟದ ಜನರ ಫೋನಿಗೆ ಮುಟ್ಟಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ (ಎನ್‌ಸಿಎಫ್) ಸಂಸ್ಥೆಯ ಆನಂದ ಕುಮಾರ್ ಮತ್ತು ಅವರ ಸಂಗಡಿಗರು ಎಸ್ಸೆಮ್ಮೆಸ್ ಹಾಗೂ ಕೆಂಪು ದೀಪಗಳಿಂದ ಇದನ್ನು ಮಾಡಿ ತೋರಿಸಿದರು. ಮುಂದೆ ಆ ಪದ್ಧತಿ ಹಾಸನಕ್ಕೂ ಬಂತು.

ಕಾಡಾನೆಗೆ ಎದುರಾಗಿ ನಿಲ್ಲುವ ಈ ಕೆಲಸ 2023ರಲ್ಲಿ ಎರಡು ದೊಡ್ಡ ಪೆಟ್ಟು ತಿಂದಿತು. ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರಿನಲ್ಲಿ, ಗಾಯಗೊಂಡ ಕಾಡಾನೆ ಭೀಮನಿಗೆ ಡಾರ್ಟ್ ಹೊಡೆಯಲು ಹೋದ ಡಾರ್ಟ್ ತಜ್ಞ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಬಲಿಯಾದರು. ಡಿಸೆಂಬರ್ 4ರಂದು ಅದೇ ಜಿಲ್ಲೆಯ ಯಸಳೂರಿನಲ್ಲಿ ಕಾಡಾನೆ ಕಾರ್ಯಾಚರಣೆಯ ನಡುವೆ, ಎಂಟು ಬಾರಿ ದಸರಾ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಿನ ಸಲಗನೊಡನೆ ಸೆಣಸಿ ಸತ್ತ. ಅರ್ಜುನನಿಗೆ ನಾಡೇ ಕಣ್ಣೀರಿಟ್ಟಿತು. ಅಂಥ ಕಾರ್ಯಾಚರಣೆಗಳಲ್ಲಿ ಕೈಚೆಲ್ಲದೆ ನಿಲ್ಲುವ ಕಾವಾಡಿಗಳ ಹೆಸರು ಮಾತ್ರ ಸುದ್ದಿಯ ಚಿತ್ರಗಳ ಅಡಿಬರಹದಲ್ಲೂ ಅಪರೂಪ.

ಬೆಲ್ಟಿನ ಬ್ಯಾಟರಿಗೂ ಆಯುಸ್ಸಿದೆ. ಮುಗಿದ ಮೇಲೆ ಬದಲಿಸಲು ಮತ್ತೆ ಡಾರ್ಟ್, ಮತ್ತೆ ಸಾಕಾನೆ, ಮತ್ತೆ ಅದೇ ಜನ. ಅಷ್ಟು ಸುಲಭಕ್ಕೆ ಆಗದ ಕೆಲಸವಾದ್ದರಿಂದ ಕೆಲವು ಆನೆಗಳು ಮಾತಾಡದ ಪಟ್ಟಿ ಹೊತ್ತೇ ತಿರುಗುತ್ತವೆ. ಹಾಸನದ ಕಾಫಿ ತೋಟಗಳಲ್ಲಿ ‘ಓಲ್ಡ್ ಬೆಲ್ಟ್’ ಎಂದೇ ಹೆಸರಾದ ಹೆಣ್ಣಾನೆಯ ಗುಂಪೊಂದಿದೆ.