ಎಲ್ಲರಿಗೂ ಒಂದೇ ಉಸಿರು: ಕಡಲ ತಳದ ಒಂದು ಆಟ

ಏಪ್ರಿಲ್ ಬಂತೆಂದರೆ ಭಾಲ್ಕಿ, ಔರಾದ್, ಬೀದರ್ ಕಡೆಯ ಮನೆಗಳಲ್ಲಿ ತಾಯಂದಿರ ದೂರು ಒಂದೇ. ಶಾಲೆಗೆ ರಜೆ, ಹೊರಗೆ ಸುಡುವ ಬಿಸಿಲು. ಮಕ್ಕಳನ್ನು ಅಂಗಳಕ್ಕೆ ಬಿಡುವಂತಿಲ್ಲ. ಒಳಗೆ ಕೂರಿಸಿದರೆ ಕೈಯಲ್ಲಿ ಮೊಬೈಲ್. ಕಸಿದುಕೊಂಡರೆ ಅಳು, ಕೊಟ್ಟರೆ ಕಣ್ಣಿಗೂ ಮನಸ್ಸಿಗೂ ಕೇಡು. ಹಾಗಾದರೆ ಏನು ಮಾಡಬೇಕೆಂದು ನೀವು ಕೇಳಬಹುದು. ಮೊಬೈಲ್ ಬೇಡ ಎಂದಷ್ಟೇ ಹೇಳಿದರೆ ಸಾಲದು, ಅದರ ಬದಲಿಗೆ ಮಕ್ಕಳ ಕೈಗೆ ಬೇರೇನಾದರೂ ಕೊಡಬೇಕು. ಹಾಗೆ ಕೊಡಬಹುದಾದ ಒಂದು ಆಟ ಇಲ್ಲಿದೆ. ಅದು ನಡೆಯುವುದು ಸಮುದ್ರದ ತಳದಲ್ಲಿ.

ಕೂತು ಆಡುವ ಆಟಗಳು ನಮಗೆ ಹೊಸದಲ್ಲ. ನಮ್ಮ ಅಜ್ಜಿಯರು, ನಾನಿಯರು ನೆಲದ ಮೇಲೆ ಮನೆಗಳನ್ನು ಬರೆದು ಪಚೀಸಿ, ಚೌಕಾಬಾರ ಆಡಿದವರೇ. ಅವರ ಕೈಯಲ್ಲಿದ್ದ ಕವಡೆಯೂ ಸಮುದ್ರದ ಜೀವಿಯೊಂದರ ಚಿಪ್ಪೇ. ಶತಮಾನಗಳ ಕಾಲ ಮಾಲ್ದೀವ್ ದ್ವೀಪಗಳಿಂದ ಕವಡೆಗಳು ಹಡಗು ತುಂಬಿ ಬರುತ್ತಿದ್ದವು. 14ನೇ ಶತಮಾನದಲ್ಲಿ ಅಲ್ಲಿ ಖಾಝಿಯಾಗಿದ್ದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿನ ಜನರು ಕವಡೆಯನ್ನೇ ಹಣದಂತೆ ಬಳಸುತ್ತಿದ್ದುದನ್ನು ತಮ್ಮ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾರೆ. ಸಮುದ್ರದಿಂದ ಬಹುದೂರವಿರುವ ನಮ್ಮ ಪಡಸಾಲೆಗೆ ಕಡಲು ಆಟದ ರೂಪದಲ್ಲಿ ಎಂದೋ ಬಂದಿದೆ.

ಈಗ ಹೇಳಹೊರಟಿರುವುದು ಜಪಾನಿನ ಆಟ. ಹೆಸರು ‘ಡೀಪ್ ಸೀ ಅಡ್ವೆಂಚರ್’, ಅಂದರೆ ಆಳ ಸಮುದ್ರದ ಸಾಹಸ. ಜುನ್ ಸಸಾಕಿ ಮತ್ತು ಗೋರೋ ಸಸಾಕಿ ಎಂಬವರು ರೂಪಿಸಿದ ಇದನ್ನು ಓಯಿಂಕ್ ಗೇಮ್ಸ್ ಎಂಬ ಸಂಸ್ಥೆ 2014ರಲ್ಲಿ ಹೊರತಂದಿತು. ಎಂಟು ವರ್ಷ ದಾಟಿದ ಮಕ್ಕಳು, ಇಬ್ಬರಿಂದ ಆರು ಮಂದಿ ಆಡಬಹುದು. ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅಸರ್ ಮತ್ತು ಮಗ್ರಿಬ್‌ನ ನಡುವಿನ ಬಿಡುವಿಗೆ ಸರಿಯಾಗುತ್ತದೆ.

ಆಡುವ ಕ್ರಮ

ಎಲ್ಲ ಆಟಗಾರರೂ ಒಂದೇ ಜಲಾಂತರ್ಗಾಮಿಯಲ್ಲಿ ಇರುವ ಬಡ ಮುಳುಗುಗಾರರು. ಅದರಿಂದ ಕೆಳಗೆ ಸಾಲಾಗಿ 32 ನಿಧಿಯ ಬಿಲ್ಲೆಗಳಿರುತ್ತವೆ. ಪ್ರತಿ ಬಿಲ್ಲೆಯ ಬೆನ್ನಿಗೆ ಒಂದು ಅಂಕ ಬರೆದಿರುತ್ತದೆ. ಮೇಲಿನ ನಿಧಿಗಳ ಬೆಲೆ ಸೊನ್ನೆಯಿಂದ ಮೂರು. ಆಳಕ್ಕೆ ಹೋದಷ್ಟೂ ಬೆಲೆ ಏರುತ್ತಾ ತಳದಲ್ಲಿ ಹನ್ನೆರಡರಿಂದ ಹದಿನೈದರವರೆಗೆ ಇರುತ್ತದೆ. ಆಟಗಾರರು ಕೆಳಗಿಳಿದು ನಿಧಿ ಎತ್ತಿಕೊಂಡು ಮತ್ತೆ ಮೇಲೆ ಬರಬೇಕು.

ಇಲ್ಲಿಯೇ ಆಟದ ಜೀವಾಳವಿದೆ. ಜಲಾಂತರ್ಗಾಮಿಯಲ್ಲಿ ಇರುವ ಗಾಳಿ ಒಟ್ಟು 25 ಅಳತೆ. ಅದು ಎಲ್ಲರಿಗೂ ಸೇರಿ ಒಂದೇ. ನಿಮ್ಮ ಸರದಿ ಬಂದಾಗ ನಿಮ್ಮ ಕೈಯಲ್ಲಿ ಎಷ್ಟು ನಿಧಿ ಇದೆಯೋ ಅಷ್ಟು ಗಾಳಿ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಭಾರ ಹೆಚ್ಚಾದಂತೆ ನಡಿಗೆಯೂ ನಿಧಾನವಾಗುತ್ತದೆ. ಐದು ಹೆಜ್ಜೆ ಬಂದರೂ ಕೈಯಲ್ಲಿ ಮೂರು ನಿಧಿ ಇದ್ದರೆ ಎರಡೇ ಹೆಜ್ಜೆ. ಇನ್ನೊಬ್ಬರು ನಿಂತಿರುವ ಬಿಲ್ಲೆಯನ್ನು ಎಣಿಸದೆ ದಾಟಬೇಕು. ಮೇಲಕ್ಕೆ ತಿರುಗುವ ಅವಕಾಶ ಒಮ್ಮೆ ಮಾತ್ರ. ತಿರುಗಿದ ಮೇಲೆ ಮತ್ತೆ ಕೆಳಗಿಳಿಯುವಂತಿಲ್ಲ. ನಿಂತ ಜಾಗದಲ್ಲಿ ನಿಧಿ ಎತ್ತಬಹುದು, ಬಿಡಬಹುದು, ಅಥವಾ ಜಾಗ ಖಾಲಿಯಿದ್ದರೆ ಕೈಯಲ್ಲಿರುವ ಒಂದನ್ನು ಅಲ್ಲಿ ಇಳಿಸಿ ಹಗುರಾಗಬಹುದು. ಗಾಳಿ ಮುಗಿಯುವ ಮೊದಲು ಮೇಲೆ ಬಂದವರಿಗೆ ಅವರ ನಿಧಿ ದಕ್ಕುತ್ತದೆ. ಬರಲಾಗದವರ ನಿಧಿ ಎಲ್ಲವೂ ತಳಕ್ಕೆ ಬೀಳುತ್ತದೆ. ಮುಂದಿನ ಸುತ್ತಿಗೆ ಖಾಲಿ ಜಾಗಗಳನ್ನು ತೆಗೆದು ಸಾಲನ್ನು ಹತ್ತಿರ ಮಾಡಿ, ಬಿದ್ದ ನಿಧಿಗಳನ್ನು ಮೂರು ಮೂರರ ಗುಂಪಾಗಿ ಸಾಲಿನ ಕೊನೆಗೆ ಇಡಬೇಕು. ಒಂದು ಗುಂಪನ್ನು ಒಂದೇ ನಿಧಿಯೆಂದು ಎಣಿಸಲಾಗುತ್ತದೆ. ಹೀಗೆ ಮೂರು ಸುತ್ತು ಆಡಿ ಅಂಕ ಕೂಡಿಸಬೇಕು.

ಮನೆಯಲ್ಲೇ ತಯಾರಿಸಿ

ಇದಕ್ಕಾಗಿ ಹಣ ಖರ್ಚು ಮಾಡಬೇಕಾಗಿಲ್ಲ. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದದಿಂದ 32 ಬಿಲ್ಲೆಗಳನ್ನು ಕತ್ತರಿಸಿ. ಎಂಟು ಬಿಲ್ಲೆಗಳ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಹಚ್ಚಿ. ಸೊನ್ನೆಯಿಂದ ಹದಿನೈದರವರೆಗಿನ ಪ್ರತಿ ಅಂಕವನ್ನು ಎರಡೆರಡು ಬಿಲ್ಲೆಗಳ ಬೆನ್ನಿಗೆ ಬರೆಯಿರಿ. ಮೊದಲ ಗುಂಪಿಗೆ 0ರಿಂದ 3, ಎರಡನೆಯದಕ್ಕೆ 4ರಿಂದ 7, ಮೂರನೆಯದಕ್ಕೆ 8ರಿಂದ 11, ಕೊನೆಯದಕ್ಕೆ 12ರಿಂದ 15. ಬಿಲ್ಲೆ ಎತ್ತಿದ ಜಾಗದಲ್ಲಿ ಇಡಲು ಕೆಲವು ಖಾಲಿ ಬಿಲ್ಲೆಗಳೂ ಇರಲಿ. ಆಟದ ಕಾಯಿಗಳಿಗೆ ಬಾಟಲಿ ಮುಚ್ಚಳಗಳು ಸಾಕು.

ಗಾಳಿಗೆ ಒಂದು ಬಟ್ಟಲಲ್ಲಿ 25 ಹುಣಸೆ ಬೀಜ ಹಾಕಿ ಎಲ್ಲರ ನಡುವೆ ಇಡಿ. ಪ್ರತಿ ಸರದಿಗೆ ಆಟಗಾರರೇ ತಮ್ಮ ಕೈಯಿಂದ ಬೀಜ ತೆಗೆದು ಹೊರಗಿಡಲಿ. ಬಟ್ಟಲು ಬರಿದಾಗುವುದು ಮಕ್ಕಳ ಕಣ್ಣಿಗೆ ಕಾಣಬೇಕು.

ದಾಳದ ಪ್ರಶ್ನೆ

ಮೂಲ ಆಟದಲ್ಲಿ ಎರಡು ದಾಳಗಳಿವೆ. ಇಲ್ಲಿ ನಮ್ಮ ಮನೆಗಳಲ್ಲಿ ಪ್ರಶ್ನೆ ಏಳುವುದು ಸಹಜ. ನರ್ದ್ ಎಂಬ ದಾಳದಾಟವನ್ನು ಪ್ರವಾದಿ(ಸ)ರು ಕಟುವಾಗಿ ಖಂಡಿಸಿದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ್ದರಿಂದ ಹಣ ಕಟ್ಟದಿದ್ದರೂ ದಾಳದ ಆಟ ಕೂಡದೆಂದು ಅನೇಕ ಉಲಮಾ ಹೇಳುತ್ತಾರೆ. ಜೂಜು ಸೇರಿದರೆ ಮಾತ್ರ ನಿಷಿದ್ಧ ಎನ್ನುವ ವಿದ್ವಾಂಸರೂ ಇದ್ದಾರೆ. ನಿಮಗೆ ಭರವಸೆಯಿರುವ ಆಲಿಮರನ್ನು ಕೇಳಿಕೊಳ್ಳಿ. ಆದರೆ ಈ ಆಟಕ್ಕೆ ದಾಳ ಇರಲೇಬೇಕೆಂದಿಲ್ಲ. ಪ್ರತಿಯೊಬ್ಬರಿಗೂ 2, 3, 4, 5, 6 ಎಂದು ಬರೆದ ಐದು ಚೀಟಿ ಕೊಡಿ. ಸರದಿ ಬಂದಾಗ ತಮಗೆ ಬೇಕಾದ ಒಂದು ಚೀಟಿಯನ್ನು ಇಟ್ಟು ಅಷ್ಟು ಹೆಜ್ಜೆ ನಡೆಯಲಿ. ಐದೂ ಮುಗಿದ ಮೇಲೆ ಮತ್ತೆ ಕೈಗೆ ತೆಗೆದುಕೊಳ್ಳಲಿ. ಆಗ ಅದೃಷ್ಟದ ಬದಲು ಲೆಕ್ಕಾಚಾರಕ್ಕೆ ಕೆಲಸ. ದೊಡ್ಡ ಚೀಟಿಯನ್ನು ಮೊದಲೇ ಕಳೆದುಕೊಂಡ ಮಗು ಮೇಲೆ ಬರುವಾಗ ಪರದಾಡುತ್ತದೆ, ಮುಂದಿನ ಸುತ್ತಿನಲ್ಲಿ ಯೋಚಿಸಿ ಇಡುತ್ತದೆ. ಯಾವ ಕಾರಣಕ್ಕೂ ಹಣವನ್ನಾಗಲಿ ತಿಂಡಿಯನ್ನಾಗಲಿ ಪಣಕ್ಕಿಡಬೇಡಿ.

ಹಡಗಿನ ಕೆಳ ಅಂತಸ್ತು

ಆಟದ ನಡುವೆ ಒಂದು ಕ್ಷಣ ಬಂದೇ ಬರುತ್ತದೆ. ಅಣ್ಣ ನಾಲ್ಕು ನಿಧಿ ಹೊತ್ತು ಬರುತ್ತಿರುತ್ತಾನೆ. ಅವನ ಪ್ರತಿ ಸರದಿಗೂ ನಾಲ್ಕು ಬೀಜ ಮಾಯ. ಒಂದೇ ಒಂದು ನಿಧಿ ಎತ್ತಿಕೊಂಡ ಪುಟ್ಟ ತಂಗಿ, “ಅವನು ಆಸೆ ಮಾಡಿದರೆ ನನ್ನ ಗಾಳಿ ಏಕೆ ಹೋಗಬೇಕು?” ಎಂದು ಕೇಳುತ್ತಾಳೆ. ಆಟ ನಿಲ್ಲಿಸಿ ಉಪದೇಶ ಮಾಡಬೇಡಿ. ಆ ಪ್ರಶ್ನೆಯನ್ನು ನೆನಪಿಟ್ಟುಕೊಂಡು ಆಟ ಮುಗಿದ ಮೇಲೆ ಮಾತಾಡಿ.

ಆಗ ಹೇಳಲು ಸಹೀಹ್ ಬುಖಾರಿಯಲ್ಲಿ ಒಂದು ಉಪಮೆ ಇದೆ. ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಈ ಹದೀಸ್‌ನಲ್ಲಿ ಕೆಲವರು ಹಡಗಿನ ಮೇಲಿನ ಅಂತಸ್ತಿನಲ್ಲಿಯೂ ಕೆಲವರು ಕೆಳಗಿನ ಅಂತಸ್ತಿನಲ್ಲಿಯೂ ಇದ್ದಾರೆ. ಕೆಳಗಿನವರು ನೀರಿಗಾಗಿ ಮೇಲೆ ಹೋಗಬೇಕು. ಮೇಲಿನವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸುತ್ತಾರೆ. ಉಳಿದವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಕೇಡಾಗಲಿ ಎಂಬ ಉದ್ದೇಶ ಅವರಿಗಿರಲಿಲ್ಲ, ಜಾಗವೂ ಅವರದೇ. ಆದರೂ ಹಡಗು ಮಾತ್ರ ಒಂದೇ. ಬಟ್ಟಲಿನ ಬೀಜ ಖಾಲಿಯಾಗುವುದನ್ನು ಕಂಡ ಮಗುವಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮ ಜಿಲ್ಲೆಯ ನೀರು

ಅಲ್ಲಿಂದ ಮಾತು ನಮ್ಮ ನೀರಿನ ಕೊಡಕ್ಕೆ ಬರಲಿ. ಬೀದರಿನ ನೌಬಾದ್‌ನಲ್ಲಿ ಬಹಮನಿ ಸುಲ್ತಾನರ ಕಾಲದ, 15ನೇ ಶತಮಾನದ ಕರೇಜ್ ಇದೆ. ನಮ್ಮವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಇರಾನಿನಿಂದ ಬಂದ ವಿದ್ಯೆ ಅದು. ನೆಲದಡಿಯಲ್ಲಿ ಸ್ವಲ್ಪ ಇಳಿಜಾರಾಗಿ ಕೊರೆದ ಸುರಂಗದಲ್ಲಿ ನೀರು ಯಂತ್ರವಿಲ್ಲದೆ ತಾನೇ ಹರಿಯುತ್ತದೆ. ಭೂಮಿ ಕೊಟ್ಟಷ್ಟೇ ನೀರು ಬರುತ್ತದೆ, ಅದಕ್ಕಿಂತ ಹೆಚ್ಚು ಎಳೆಯಲಾಗದು. ಕೊಳವೆ ಬಾವಿಯ ಸ್ವಭಾವ ಬೇರೆ. ಒಬ್ಬರು ಆಳಕ್ಕೆ ಕೊರೆಸಿದರೆ ಪಕ್ಕದವರ ಬಾವಿ ಬತ್ತಬಹುದು. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವಿದೆ ನಿಜ, ಆದರೆ ಮಳೆ ಕೈಕೊಟ್ಟರೆ ಅದೂ ಇಳಿಯುತ್ತದೆ. 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ನೆಲದಡಿಯ ನೀರೂ ಜಲಾಂತರ್ಗಾಮಿಯ ಗಾಳಿಯಂತೆಯೇ, ಲೆಕ್ಕವಿರುವ ವಸ್ತು, ಎಲ್ಲರ ಪಾಲಿನದು.

ಸಹೋದರಿಯರೇ, ಈ ರಜೆಯಲ್ಲಿ ಒಂದು ಮಧ್ಯಾಹ್ನ ಬಿಲ್ಲೆ ಕತ್ತರಿಸಲು ಕೂರಿರಿ. ಮಕ್ಕಳನ್ನು ಆಡಲು ಬಿಟ್ಟು ನೀವು ಅಡುಗೆಮನೆಗೆ ಹೋಗಬೇಡಿ, ನೀವೂ ಒಂದು ಮುಚ್ಚಳ ಹಿಡಿದು ಆಡಿ. ಸಾಧ್ಯವಾದರೆ ಅವರ ಅಬ್ಬಾರನ್ನೂ ಕರೆಯಿರಿ. ಎಂಟು ವರ್ಷದೊಳಗಿನ ಮಗುವನ್ನು ನಿಮ್ಮ ಜೊತೆಗಾರನಾಗಿ ಕೂರಿಸಿಕೊಳ್ಳಿ, ಬೀಜ ಎಣಿಸುವ ಕೆಲಸ ಅದಕ್ಕಿರಲಿ. ಕೊನೆಯಲ್ಲಿ ಯಾರು ಗೆದ್ದರು ಎಂದು ಕೇಳುವ ಜೊತೆಗೆ, “ಎಷ್ಟು ಮಂದಿ ಮೇಲೆ ಬಂದೆವು?” ಎಂದೂ ಕೇಳಿ. ಮುಂದಿನ ಸಲ ವುಝೂ ಮಾಡುವಾಗ ನಿಮ್ಮ ಮಗು ನಲ್ಲಿಯನ್ನು ತಾನಾಗಿ ಸಣ್ಣಗೆ ತಿರುಗಿಸಿದರೆ, ಆಟಕ್ಕೆ ಕೊಟ್ಟ ಅರ್ಧ ಗಂಟೆ ವ್ಯರ್ಥವಾಗಿಲ್ಲವೆಂದು ತಿಳಿಯಿರಿ.