ನಿಮಗಿದು ಗೊತ್ತೇ? ಹೊರಗೆ ಹಿಮ, ಒಳಗೆ ಮನೆ

◆ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಶ್ರೀನಗರದಲ್ಲಿ ಜನವರಿಯ ಸಾಮಾನ್ಯ ಮಧ್ಯಾಹ್ನವೇ ಹೆಚ್ಚೂಕಡಿಮೆ ಅಷ್ಟು ತಣ್ಣಗಿರುತ್ತದೆ. ಅಲ್ಲಿನ ರಾತ್ರಿಗಳ ಲೆಕ್ಕವೇ ಬೇರೆ.

◆ ಕಾಶ್ಮೀರದವರು ಚಳಿಯನ್ನು ಮೂರು ಪಾಲು ಮಾಡಿ ಎಣಿಸುತ್ತಾರೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಅಂದರೆ ಹಿರಿಯ ಚಳಿ. ಆಮೇಲೆ 20 ದಿನ ‘ಚಿಲ್ಲೈ ಖುರ್ದ್’, ಕಿರಿಯ ಚಳಿ. ಕೊನೆಯ 10 ದಿನ ‘ಚಿಲ್ಲೈ ಬಚ್ಚಾ’, ಮರಿ ಚಳಿ. ಎಲ್ಲ ಮುಗಿಯುವ ಹೊತ್ತಿಗೆ ಫೆಬ್ರುವರಿ ಕೊನೆ, ಶಿವರಾತ್ರಿಯ ಆಸುಪಾಸು. ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೊರಟುಹೋಗುತ್ತದೆ ಎನ್ನುವ ನಮ್ಮ ಮಾತು ಅಲ್ಲಿಗೂ ಸಲ್ಲುತ್ತದೆ. 2024ರಲ್ಲಿ ಹಿರಿಯ ಚಳಿ ಕಾಲಿಟ್ಟ ದಿನವೇ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ ದಾಖಲಾಯಿತು. ಐವತ್ತು ವರ್ಷಗಳಲ್ಲಿ ಅಷ್ಟು ತಣ್ಣನೆಯ ಡಿಸೆಂಬರ್ ರಾತ್ರಿಯನ್ನು ಆ ಊರು ಕಂಡಿರಲಿಲ್ಲ.

◆ ಕಾಶ್ಮೀರಿಗಳ ಕೈಯಲ್ಲಿರುವ ಕಾಂಗ್ಡಿ ಎಂದರೆ ಮಣ್ಣಿನ ಕುಡಿಕೆ, ಅದರ ಸುತ್ತ ಹೆಣೆದ ಬುಟ್ಟಿ, ಒಳಗೆ ಬೂದಿ ಮುಚ್ಚಿದ ಕೆಂಡ. ಉದ್ದನೆಯ ಫೆರನ್ ನಿಲುವಂಗಿಯೊಳಗೆ ಅದನ್ನು ಹಿಡಿದುಕೊಂಡೇ ಓಡಾಡುತ್ತಾರೆ. ಉದುರಿದ ಚಿನಾರ್ ಎಲೆಗಳನ್ನು ಶರತ್ಕಾಲದಲ್ಲಿ ಗುಡಿಸಿ, ಸುಟ್ಟು, ಇದ್ದಿಲು ಮಾಡಿಟ್ಟುಕೊಳ್ಳುವುದು ಮನೆಮನೆಯ ಕೆಲಸ. ಇದಕ್ಕೊಂದು ನೋವಿನ ಮುಖವೂ ಇದೆ. ವರ್ಷಗಟ್ಟಲೆ ಕಾವು ತಗುಲಿದ ಹೊಟ್ಟೆ ಮತ್ತು ತೊಡೆಯ ಚರ್ಮದಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು ಶ್ರೀನಗರದಲ್ಲಿದ್ದ ವೈದ್ಯ ಎಲ್ಮ್‌ಸ್ಲೀ 1866ರಲ್ಲೇ ಬರೆದಿಟ್ಟರು. ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಇಂದಿಗೂ ‘ಕಾಂಗ್ಡಿ ಕ್ಯಾನ್ಸರ್’ ಎಂದೇ ಹೆಸರು.

◆ ಹೆದ್ದಾರಿ ಹಿಮದಲ್ಲಿ ಮುಚ್ಚಿದರೆ ತರಕಾರಿ ಎಲ್ಲಿಂದ ಬರಬೇಕು? ಕಾಶ್ಮೀರದ ಹೆಂಗಸರು ಬೇಸಿಗೆಯಲ್ಲೇ ಸೋರೆಕಾಯಿ, ಬದನೆ, ಟೊಮೆಟೊ ಹೆಚ್ಚಿ ಬಿಸಿಲಿಗೆ ಹಾಕುತ್ತಾರೆ. ಸೋರೆಕಾಯಿಯ ಉದ್ದ ಸೀಳುಗಳು ಹಗ್ಗದ ಮೇಲೆ ಜೋತುಬಿದ್ದಿರುತ್ತವೆ. ಈ ಒಣ ತರಕಾರಿಗೆ ‘ಹೋಖ್ ಸ್ಯೂನ್’ ಎಂದು ಹೆಸರು. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸಿ ಡಬ್ಬಿ ತುಂಬುವ ನಮ್ಮ ಅಜ್ಜಿಯರಿಗೆ ಈ ಜಾಣ್ಮೆಯನ್ನು ಯಾರೂ ವಿವರಿಸಬೇಕಾಗಿಲ್ಲ.

◆ ಕಂಬಳಿಗೆ ಸ್ವಂತ ಬಿಸಿ ಇಲ್ಲ. ಅದರ ಎಳೆಗಳ ನಡುವೆ ಕದಲದೆ ಕೂತ ಗಾಳಿ ನಮ್ಮ ಮೈಯ ಕಾವನ್ನೇ ಹೊರಹೋಗದಂತೆ ಹಿಡಿದಿಡುತ್ತದೆ. ಆದ್ದರಿಂದಲೇ ದಪ್ಪನೆಯ ಒಂದು ಅಂಗಿಗಿಂತ ತೆಳ್ಳನೆಯ ಮೂರು ಅಂಗಿ ಮೇಲು. ಉತ್ತರ ಕರ್ನಾಟಕದ ಕೌದಿಯ ಗುಟ್ಟೂ ಇದೇ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದಾಗ ಪದರಕ್ಕೊಂದರಂತೆ ಗಾಳಿ ಸೆರೆಯಾಗುತ್ತದೆ.

◆ ಹಿಮವೂ ಬೆಚ್ಚಗಿಡುತ್ತದೆ! ಅದರೊಳಗೂ ಇರುವುದು ಹೆಚ್ಚಾಗಿ ಗಾಳಿಯೇ. ಹೊರಗೆ ಮೈನಸ್ 40 ಇದ್ದಾಗಲೂ, ಹಿಮದಿಂದಲೇ ಕಟ್ಟಿದ, ಜನ ಕೂತ ಇಗ್ಲೂವಿನೊಳಗೆ ಉಷ್ಣತೆ ಸೊನ್ನೆಯ ಹತ್ತಿರಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಬರುತ್ತದೆ.

◆ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯೊಂದರ ಮೇಲೆ ಹಿಮ ಕುಸಿಯಿತು. ಹತ್ತು ಯೋಧರು ಅದರಡಿ ಸಿಲುಕಿದರು. ಆರು ದಿನಗಳ ನಂತರ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದ ಸ್ಥಿತಿಯಲ್ಲಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಇಡೀ ಕರ್ನಾಟಕ ಕಣ್ಣೀರಿಟ್ಟಿತು.

◆ ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಹೊರಬೀಳುವ ಕಾವು ಸುಮಾರು 100 ವಾಟ್, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಕರೆಂಟು ಹೋದ ರಾತ್ರಿ ಮನೆಮಂದಿಯೆಲ್ಲ ಒಂದೇ ಸಣ್ಣ ಕೋಣೆ ಸೇರಬೇಕು ಎನ್ನುವುದು ಇದಕ್ಕೇ.

◆ ಲಡಾಖಿನ ಫೇ ಹಳ್ಳಿಯ ಬಳಿ ಸೆಕ್‌ಮೋಲ್ ಎಂಬ ಸಂಸ್ಥೆಯ ಮಣ್ಣಿನ ಕಟ್ಟಡಗಳಿವೆ. ದಕ್ಷಿಣಕ್ಕೆ ದೊಡ್ಡ ಗಾಜಿನ ಕಿಟಕಿ, ಉಳಿದ ಕಡೆ ದಪ್ಪ ಮಣ್ಣಿನ ಗೋಡೆ. ಹಗಲಿನ ಬಿಸಿಲನ್ನು ಗೋಡೆ, ನೆಲ ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತವೆ. ಹೊರಗೆ ಮೈನಸ್ 15 ಇದ್ದರೂ ಒಳಗಿನ ಬಿಂದಿಗೆಯ ನೀರು ಹೆಪ್ಪುಗಟ್ಟುವುದಿಲ್ಲ, ಸೌದೆಯೂ ಬೇಕಿಲ್ಲ. ಮಣ್ಣಿನ ಮನೆ ಎಂದರೆ ಬಡತನ ಎಂದುಕೊಂಡವರು ಒಮ್ಮೆ ಅದರೊಳಗೆ ಮಲಗಿ ಏಳಬೇಕು.

◆ ಲಡಾಖಿನ ಮನೆಗಳ ಶೌಚಾಲಯಕ್ಕೆ ನೀರು ಬೇಡ. ಒಂದಿಷ್ಟು ಮಣ್ಣು, ಬೂದಿ ಸಾಕು. ಹೆಪ್ಪುಗಟ್ಟುವ ಪೈಪೂ ಇಲ್ಲ, ವಸಂತದಲ್ಲಿ ಹೊಲಕ್ಕೆ ಗೊಬ್ಬರವೂ ಉಂಟು.

◆ ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ.

◆ ನಮ್ಮಲ್ಲಿ 24 ಡಿಗ್ರಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಮೈನಸ್ 39ರ ಹೊತ್ತಿಗೆ ಥರ್ಮಾಮೀಟರಿನ ಪಾದರಸವೇ ಗಟ್ಟಿ. ಡೀಸೆಲ್ ಮೇಣದಂತಾಗಿ ಗಾಡಿ ನಿಲ್ಲಬಾರದೆಂದು 2019ರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು.

◆ ಸಿಲಿಂಡರ್‌ನಲ್ಲಿ ಗ್ಯಾಸ್ ಇದ್ದೂ ಒಲೆ ಹತ್ತದಿರಬಹುದು. ಅಡುಗೆ ಅನಿಲದಲ್ಲಿರುವ ಬ್ಯುಟೇನ್ ದ್ರವದಿಂದ ಅನಿಲವಾಗಲು ಉಷ್ಣತೆ ಮೈನಸ್ 0.5 ಡಿಗ್ರಿಗಿಂತ ಮೇಲಿರಬೇಕು. ಪ್ರೊಪೇನ್ ಮಾತ್ರ ಮೈನಸ್ 42ರವರೆಗೂ ಆವಿಯಾಗುತ್ತದೆ. ಚಳಿದೇಶಗಳವರು ಪ್ರೊಪೇನ್ ಬಳಸುವುದು ಇದಕ್ಕೇ. ಸಿಲಿಂಡರಿಗೆ ಬೆಂಕಿ ತೋರಿಸಿ ಬಿಸಿ ಮಾಡುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬಾರದು.

◆ ನೀರು ಹೆಪ್ಪುಗಟ್ಟಿದರೆ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಆದರೆ ಪೈಪು ಒಡೆಯುವುದು ಗಡ್ಡೆ ಕಟ್ಟಿದ ಜಾಗದಲ್ಲೇ ಎಂದೇನಿಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರಿಗೆ ದಾರಿಯಿಲ್ಲದೆ ಒತ್ತಡ ಏರಿ, ಅಲ್ಲೆಲ್ಲೋ ಪೈಪು ಸೀಳುತ್ತದೆ. ಹಿಮ ಬೀಳುವ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕಲು ಬಿಡಿ ಎನ್ನುವುದು ಆ ಒತ್ತಡ ತಪ್ಪಿಸಲು. ಕಟ್ಟಿಕೊಂಡ ಪೈಪನ್ನು ಕರಗಿಸುವಾಗ ಮೊದಲು ನಲ್ಲಿ ತೆರೆಯಿರಿ, ನಲ್ಲಿಯ ಕಡೆಯಿಂದ ಶುರುಮಾಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ. ಬೆಂಕಿ ಬೇಡ. ಸೀಳಿದ್ದು ಗೊತ್ತಾಗುವುದು ಕರಗಿದ ಮೇಲೆ. ಹಾಗಾಗಿ ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದು ಮನೆಯ ಮಕ್ಕಳಿಗೂ ಗೊತ್ತಿರಲಿ.

◆ ಹಿಮ ಕರಗಿಸಿ ನೀರು ಮಾಡಿಕೊಳ್ಳೋಣ ಎಂದರೆ ಅದು ಸುಲಭವಲ್ಲ. ಹೊಸದಾಗಿ ಬಿದ್ದ ಹತ್ತು ಬಕೆಟ್ ಹಿಮ ಕರಗಿದರೆ ಸಿಗುವುದು ಒಂದು ಬಕೆಟ್ ನೀರು. ಸೊನ್ನೆ ಡಿಗ್ರಿಯ ಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ತಗಲುವ ಕಾವಿನಲ್ಲಿ ಅಷ್ಟೇ ನೀರನ್ನು 80 ಡಿಗ್ರಿಗೆ ಕಾಯಿಸಬಹುದು!

◆ ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಿ ಕಟ್ಟಡಗಳನ್ನು ಕಂಬಗಳ ಮೇಲೆ ನಿಲ್ಲಿಸುತ್ತಾರೆ. ಮನೆಯ ಕಾವು ತಗುಲಿ, ಸದಾ ಹೆಪ್ಪುಗಟ್ಟಿರುವ ನೆಲ ಕರಗಿದರೆ ಮನೆಯೇ ವಾಲುತ್ತದೆ.

◆ ಕೊರಿಯಾದ ‘ಒಂಡೊಲ್’ನಲ್ಲಿ ಅಡುಗೆ ಒಲೆಯ ಬಿಸಿ ಹೊಗೆ ಪಕ್ಕದ ಕೋಣೆಯ ಕಲ್ಲುಹಾಸಿನ ಅಡಿ ಹರಿದು ಆಚೆ ಚಿಮಣಿಯಿಂದ ಹೊರಹೋಗುತ್ತದೆ. ಅನ್ನವೂ ಬೆಂದಿತು, ನೆಲವೂ ಕಾಯಿತು.

◆ 1880–81ರ ಚಳಿಗಾಲದಲ್ಲಿ ಅಮೆರಿಕದ ಡಕೋಟಾ ಬಯಲಿಗೆ ಹಿಮದಿಂದಾಗಿ ರೈಲು ಬರುವುದೇ ನಿಂತಿತು. ಕಲ್ಲಿದ್ದಲು ಮುಗಿದ ಮೇಲೆ ಜನ ಒಣಹುಲ್ಲನ್ನು ಹೊಸೆದು ಕಟ್ಟಿಗೆಯಂತೆ ಬಿಗಿಮಾಡಿ ಉರಿಸಿದರು, ಕಾಫಿಬೀಜ ಪುಡಿಮಾಡುವ ಗಿರಣಿಯಲ್ಲಿ ಗೋಧಿ ಬೀಸಿದರು. ಆ ಚಳಿಯನ್ನು ಹುಡುಗಿಯಾಗಿ ಕಂಡ ಲಾರಾ ಇಂಗಲ್ಸ್ ವೈಲ್ಡರ್ 1940ರಲ್ಲಿ ಅದನ್ನು ‘ದಿ ಲಾಂಗ್ ವಿಂಟರ್’ ಎಂಬ ಕಾದಂಬರಿಯಾಗಿಸಿದರು.

◆ 1998ರ ಜನವರಿಯಲ್ಲಿ ಕೆನಡಾದ ಕ್ವೆಬೆಕ್‌ನಲ್ಲಿ ಸುರಿದದ್ದು ಹಿಮವಲ್ಲ, ಮಳೆ. ಬಿದ್ದಲ್ಲೇ ಗಾಜಿನಂತೆ ಗಡ್ಡೆಯಾಗುವ ಮಳೆ. ಅದರ ಭಾರಕ್ಕೆ ವಿದ್ಯುತ್ತಿನ ದೈತ್ಯ ಉಕ್ಕಿನ ಗೋಪುರಗಳೇ ಸಾಲಾಗಿ ಕುಸಿದವು. ಕೆಲವು ಊರುಗಳ ಮನೆಗಳಿಗೆ ಕರೆಂಟು ಮರಳಲು ವಾರಗಳೇ ಹಿಡಿದವು. ಸೌದೆ ಒಲೆ ಉಳಿಸಿಕೊಂಡಿದ್ದವರ ಮನೆ ನೆರೆಹೊರೆಗೆಲ್ಲ ಆಸರೆಯಾಯಿತು.

◆ ಚಳಿಯ ಅಭ್ಯಾಸವೇ ಇಲ್ಲದ ಊರಿಗೆ ಚಳಿ ಬಂದರೆ? 2021ರ ಫೆಬ್ರುವರಿ 16ರಂದು, ಸಾವಿರಾರು ಕನ್ನಡಿಗರ ಮನೆಗಳಿರುವ, ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್‌ನಲ್ಲಿ ಉಷ್ಣತೆ ಮೈನಸ್ 19ಕ್ಕೆ ಇಳಿಯಿತು. ಟೆಕ್ಸಸ್‌ನ ಮನೆಗಳನ್ನು ಕಟ್ಟಿದ್ದು ಸೆಕೆ ತಡೆಯಲು. ಎಷ್ಟೋ ಮನೆಗಳಲ್ಲಿ ನೀರಿನ ಪೈಪು ಹೊದಿಕೆಯಿಲ್ಲದೆ ಅಟ್ಟದಲ್ಲೇ ಹಾದುಹೋಗಿತ್ತು. ಇಡೀ ರಾಜ್ಯದ ವಿದ್ಯುತ್ ಜಾಲ ಪೂರ್ತಿ ಕುಸಿಯಲು 4 ನಿಮಿಷ 37 ಸೆಕೆಂಡ್ ಮಾತ್ರ ಉಳಿದಿತ್ತು ಎಂದು ಅದನ್ನು ನಡೆಸುವವರೇ ಆಮೇಲೆ ತಿಳಿಸಿದರು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 246 ಮಂದಿ. ಅವರಲ್ಲಿ ಕೆಲವರನ್ನು ಕೊಂದದ್ದು ಚಳಿಯಲ್ಲ, ಚಳಿ ಕಾಯಿಸಿಕೊಳ್ಳಲು ಹೋದ ದಾರಿ. ಅದರ ಮಾತು ಕೊನೆಗೆ.

◆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೈಯ ಉಷ್ಣತೆ 35ಕ್ಕಿಂತ ಕೆಳಗಿಳಿದರೆ ಅಪಾಯ. ಗಡಗಡ ನಡುಗುತ್ತಿದ್ದವರ ನಡುಕ ಬೆಚ್ಚಗಾಗದೆಯೇ ನಿಂತರೆ ನೆಮ್ಮದಿಪಡಬೇಡಿ, ಅದು ಮೈ ಸೋತ ಗುರುತು. ಆ ಸ್ಥಿತಿಯಲ್ಲಿ ಕೆಲವರು ಸೆಕೆಯೆಂದು ಬಟ್ಟೆಯನ್ನೇ ಕಿತ್ತೆಸೆಯುವುದುಂಟು.

◆ ಒಂದು ಗುಟುಕು ಹಾಕಿದರೆ ಬೆಚ್ಚಗಾಗುತ್ತದೆ ಎನ್ನುವುದು ಮೋಸ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಚೆಲ್ಲುತ್ತದೆ. ಹಿಮಕ್ಕೆ ಮರಗಟ್ಟಿದ ಬೆರಳನ್ನು ತಿಕ್ಕಲೂಬಾರದು. ಮೈಯಷ್ಟೇ ಬಿಸಿಯ ನೀರಲ್ಲಿ ಅದ್ದಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು.

◆ 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಹೊಗೆಮಂಜಿನಲ್ಲಿ ಮುಳುಗಿತು. ಚಳಿ ಹೆಚ್ಚಿತೆಂದು ಮನೆಮನೆಯಲ್ಲೂ ಉರಿಸಿದ ಕಲ್ಲಿದ್ದಲು ಅದಕ್ಕೊಂದು ದೊಡ್ಡ ಕಾರಣ. ಸತ್ತವರು ಸುಮಾರು 4,000 ಎಂದು ಆಗ ಲೆಕ್ಕ ಹಾಕಿದರು. ನಂತರದ ಸಂಶೋಧಕರ ಅಂದಾಜು 12,000ದವರೆಗೂ ಹೋಯಿತು.

◆ ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಇದ್ದಿಲು, ಸೌದೆ, ಗ್ಯಾಸ್, ಪೆಟ್ರೋಲ್ ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಮಲಗಿದ್ದವರಿಗೆ ಅದೂ ತಿಳಿಯುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಮನ್‌ನಲ್ಲಿ ಗ್ಯಾಸ್ ಹೀಟರ್ ಹಚ್ಚಿಟ್ಟು ಮಲಗಿದ ಕೇರಳದ ಎಂಟು ಪ್ರವಾಸಿಗರು ಏಳಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. 2025ರ ಜನವರಿಯಲ್ಲಿ ಶ್ರೀನಗರದ ಬಾಡಿಗೆ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರು ಉಸಿರುಗಟ್ಟಿ ತೀರಿಕೊಂಡರು. 2021ರ ಆ ಚಳಿಯಲ್ಲಿ ಟೆಕ್ಸಸ್‌ನ ಜನ ಇದ್ದಿಲ ಒಲೆಯನ್ನು ಮನೆಯೊಳಗೆ ತಂದರು, ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು ಅದರೊಳಗೆ ಕೂತರು.

ಮಲೆನಾಡಿನ ಬಚ್ಚಲೊಲೆಯ ಮುಂದೆ ಕೂತು ತಲೆಮಾರುಗಳು ಚಳಿ ಕಾಯಿಸಿವೆ. ಅವರನ್ನು ಕಾಪಾಡಿದ್ದು ಹೆಂಚಿನ ಸಂದುಗಳು. ಹೊಗೆ ಅಲ್ಲಿಂದ ಹೊರಹೋಗುತ್ತಿತ್ತು, ಗಾಳಿ ಒಳಬರುತ್ತಿತ್ತು. ಕಾಂಕ್ರೀಟು ತಾರಸಿ, ಬಿಗಿಯಾದ ಗಾಜಿನ ಕಿಟಕಿಯ ಇಂದಿನ ಕೋಣೆಯಲ್ಲಿ ಅದೇ ಅಗ್ಗಿಷ್ಟಿಕೆ ಪ್ರಾಣ ತೆಗೆಯುತ್ತದೆ. ಕಿಂಡಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕಿಳಿದವರ ಜೀವ ಹೋಗುವುದೂ ಇದೇ ಅನಿಲದಿಂದ. ಬೆಂಕಿ ಇರುವಲ್ಲಿ ಒಂದು ಕಿಟಕಿ ತೆರೆದಿರಲಿ. ಮಲಗುವ ಮುನ್ನ ಕೆಂಡ ಮನೆಯ ಹೊರಗೆ ಹೋಗಲಿ. ಒಳಗಿದ್ದ ಎಲ್ಲರಿಗೂ ಒಟ್ಟಿಗೆ ತಲೆ ನೋಯತೊಡಗಿದರೆ ಕಾರಣ ಹುಡುಕುತ್ತ ಕೂರದೆ ಮೊದಲು ಬಯಲಿಗೆ ಬನ್ನಿ.

ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಪುಟ್ಟ ಅಲಾರಂಗಳು ಸಿಗುತ್ತವೆ. ನಿಮ್ಮ ಮಗನೋ ಮಗಳೋ ಹಿಮ ಬೀಳುವ ಊರಿನಲ್ಲಿದ್ದರೆ, ಇಂದು ರಾತ್ರಿ ವಿಡಿಯೊ ಕಾಲ್‌ನಲ್ಲಿ ‘ಊಟ ಆಯ್ತಾ’ ಎಂದು ಕೇಳುವಾಗ ‘ಮನೆಯಲ್ಲಿ ಆ ಅಲಾರಂ ಇದೆಯಾ, ಬ್ಯಾಟರಿ ನೋಡಿದೆಯಾ’ ಎಂದೂ ಕೇಳಿಬಿಡಿ.