ನಿಮಗಿದು ಗೊತ್ತೆ? ಸಂಘದ ಬೇರು ನಿರಾಶ್ರಿತರ ನೆಲೆಯಲ್ಲಿ!

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಓಣಿಗಳಲ್ಲಿ ಹೆಣ್ಣುಮಕ್ಕಳು ಸೇರಿ ಉಳಿತಾಯದ ಹಣ ಕಟ್ಟುವ ಸ್ವಸಹಾಯ ಸಂಘಗಳಿಗೂ ಟಿಬೆಟಿನಿಂದ ಬಂದ ನಿರಾಶ್ರಿತರಿಗೂ ಹಳೆಯ ನಂಟಿದೆ.

● 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದವರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು.

● ಟಿಬೆಟನ್ನರ ಪುನರ್ವಸತಿಗೆ ಕೈಜೋಡಿಸಲೆಂದೇ 1968ರಲ್ಲಿ ಹುಟ್ಟಿದ್ದು ‘ಮೈರಾಡ’ ಸ್ವಯಂಸೇವಾ ಸಂಸ್ಥೆ. ಸುಮಾರು 15,000 ಮಂದಿ ನೆಲೆಯೂರಲು ಅದು ನೆರವಾಯಿತು.

● ಬಳಿಕ ಹಳ್ಳಿಗಳತ್ತ ಹೊರಳಿದ ಮೈರಾಡ, 1980ರ ದಶಕದ ನಡುವಿನಲ್ಲಿ ಸ್ವಸಹಾಯ ಗುಂಪುಗಳನ್ನು ಬೆಳೆಸಿತು.

● ಈ ಪ್ರಯೋಗದ ಬೆನ್ನಿಗೆ ನಿಂತ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ‘ನಬಾರ್ಡ್’, 1992ರಲ್ಲಿ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭಿಸಿತು.

ಪರಸ್ಥಳದವರಿಗೆ ಕೊಟ್ಟ ಆಸರೆ ನಮ್ಮೂರಿಗೇ ನೆರಳಾದದ್ದು ಹೀಗೆ.